ಸಂಬಳದ ನೀರು ಎಲ್ಲಿ ಇಂಗುತ್ತದೆ?

ಪ್ರಶ್ನೆ: ಅಕ್ಕಾ, ನನಗೆ 31 ವರ್ಷ. ಮಂಗಳೂರಲ್ಲಿ ಖಾಸಗಿ ಕಂಪೆನಿಯಲ್ಲಿ ಕೆಲಸ, ಕೈಗೆ ಬರುವ ಸಂಬಳ 46,000. ಬಾಡಿಗೆ 13,000, ಬೈಕಿನ ಕಂತು 4,200, ಊರಲ್ಲಿರುವ ಅಮ್ಮನಿಗೆ 5,000. ಕ್ರೆಡಿಟ್ ಕಾರ್ಡಿನಲ್ಲಿ 68,000 ಬಾಕಿ ಉಂಟು, ತಿಂಗಳು ತಿಂಗಳು ಮಿನಿಮಮ್ ಮಾತ್ರ ಕಟ್ಟುತ್ತಿದ್ದೇನೆ. 20ನೇ ತಾರೀಕು ಬರುವಾಗ ಅಕೌಂಟ್ ಖಾಲಿ. ಈಚೆಗೆ ಗೆಳೆಯನ ಜೊತೆ ಒಂದು ತೋಟದ ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ಪರ್ಮಾಕಲ್ಚರ್ ಹೇಳಿಕೊಟ್ಟರು, ಅದೇ ಸೂತ್ರಗಳನ್ನು ಮನೆಯ ದುಡ್ಡಿಗೂ ಬಳಸಬಹುದು ಅಂದರು. ಇದು ಸುಮ್ನೆ ಚಂದದ ಮಾತಾ, ನಿಜವಾಗಿಯೂ ಏನಾದರೂ ಆಗುತ್ತದಾ? ಕೆಲಸ ಬದಲಿಸುವ ಯೋಚನೆಯೂ ಉಂಟು. ಆಗ ಪಿಎಫ್ ತೆಗೆದು ಕಾರ್ಡ್ ಮುಗಿಸಿಬಿಡಲಾ? ಹತ್ತಿರ ಎರಡು ಪವನಿನ ಒಂದು ಚೈನ್ ಬಿಟ್ಟರೆ ಬೇರೇನೂ ಇಲ್ಲ.
— ಹೆಸರು ಬೇಡ, ಕಾವೂರು

ಉತ್ತರ: ತಮ್ಮಾ, ಆಗುತ್ತದೆ. ನಾನು ಮಾಡಿ ನೋಡಿದ್ದೇನೆ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ.

ಪರ್ಮಾಕಲ್ಚರ್ ಅಂದರೆ ಏನು ಅಂತ ಬೇರೆ ಓದುಗರಿಗಾಗಿ ಎರಡು ಮಾತು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಅನ್ನುವ ಇಬ್ಬರು 1970ರ ದಶಕದಲ್ಲಿ ಕಟ್ಟಿದ ವಿಚಾರ ಅದು. ಕಾಡು ಯಾರೂ ಗೊಬ್ಬರ ಹಾಕದೆ, ನೀರು ಬಿಡದೆ ಹೇಗೆ ತನ್ನನ್ನು ತಾನೇ ನೋಡಿಕೊಳ್ಳುತ್ತದೋ ಹಾಗೆ ತೋಟವನ್ನೂ ಮನೆಯನ್ನೂ ರೂಪಿಸುವುದು. ಹೋಮ್‌ಗ್ರೆನ್ 2002ರಲ್ಲಿ ಇದನ್ನು 12 ಸೂತ್ರಗಳಾಗಿ ಬರೆದರು. ಹನ್ನೆರಡನ್ನೂ ನಾನಿಲ್ಲಿ ಹೇಳಲು ಹೋಗುವುದಿಲ್ಲ. ನಿಮಗೆ ಈಗ ಬೇಕಾದದ್ದು ಮೂರ್ನಾಲ್ಕು.

ಮೊದಲನೆಯದು, ಕೈ ಹಾಕುವ ಮೊದಲು ನೋಡು. ಇದನ್ನು ನಾನು ಕಲಿತದ್ದು ಕಟಪಾಡಿ ಹತ್ತಿರದ ನಮ್ಮ 60 ಸೆಂಟ್ಸ್ ಜಾಗದಲ್ಲಿ. ಜಾಗ ಕೊಂಡ ವರ್ಷ ಏಪ್ರಿಲಿನಲ್ಲಿ ಜೆಸಿಬಿ ತರಿಸಿ, ಅದು ಸಲೀಸಾಗಿ ತಿರುಗುವ ಕಡೆಯಲ್ಲೆಲ್ಲ ಮೂರು ಇಂಗುಗುಂಡಿ ತೋಡಿಸಿದೆವು. ಜೂನಿನಲ್ಲಿ ಮಳೆ ಹಿಡಿಯಿತು. ನೀರು ಮೂರು ಗುಂಡಿಗಳ ಪಕ್ಕದಿಂದಲೇ ಹಾದು ತೋಡಿಗೆ ಹೋಯಿತು! ಜುಲೈನಲ್ಲಿ ಒಂದು ದಿನ ಕೊಡೆ ಹಿಡಿದು ಒಂದು ಗಂಟೆ ಸುಮ್ನೆ ನಿಂತು ನೋಡಿದೆ. ನೆರೆಮನೆಯ ಮುರಕಲ್ಲಿನ ಪಾಗಾರದ ಮೂಲೆಯಲ್ಲಿ, ಒಂದು ಗೇಣು ಅಗಲದ ಸಂದಿಯಿಂದ, ಕೆಂಪು ನೀರು ಹಗ್ಗದ ಹಾಗೆ ಹೊಸೆದುಕೊಂಡು ಒಳಗೆ ಬರುತ್ತಿತ್ತು. ಜಾಗದ ಮುಕ್ಕಾಲು ಪಾಲು ನೀರು ಅಲ್ಲಿಂದಲೇ. ಮರುವರ್ಷ ಗುಂಡಿಯನ್ನು ಆ ಸಂದಿಯ ಕೆಳಗೇ ತೋಡಿದೆವು. ಮೊದಲು ಏಪ್ರಿಲಿಗೆ ತಳ ಕಾಣುತ್ತಿದ್ದ ಬಾವಿಯಲ್ಲಿ ಈಗ ಮೇ ಅರ್ಧದವರೆಗೂ ನೀರು ಉಂಟು.

ದುಡ್ಡಿನಲ್ಲೂ ನಾವು ಮಾಡುವುದು ಆ ಜೆಸಿಬಿ ಕೆಲಸವನ್ನೇ ಅಲ್ವಾ? ನೋಡುವ ಮೊದಲೇ ಕಾಫಿ ಬಿಡುತ್ತೇನೆ, ಹೋಟೆಲ್ ಬಿಡುತ್ತೇನೆ ಅಂತ ಶುರು ಮಾಡುತ್ತೇವೆ. ಖರ್ಚು ಹೋಗುತ್ತಿರುವುದು ಬೇರೆ ಸಂದಿಯಿಂದ. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ನಾನು ಒಂದು ವರ್ಷ ದಿನದ ಖರ್ಚು ಬರೆದೆ. ಹೊರಗಿನ ಊಟವೇ ನಮ್ಮನ್ನು ತಿನ್ನುತ್ತಿದೆ ಅಂತ ಗಟ್ಟಿಯಾಗಿ ನಂಬಿದ್ದವಳು ನಾನು. ನೋಡಿದರೆ ಊಟದ ಖರ್ಚು ಎಲ್ಲ ತಿಂಗಳೂ ಹೆಚ್ಚುಕಡಿಮೆ ಒಂದೇ. ಏರಿದ್ದು ಫೆಬ್ರವರಿಯಿಂದ ಮೇವರೆಗೆ. ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಊರಿನ ನೇಮ. ಉಡುಗೊರೆ, ಸೀರೆ, ಕಾರಿನ ಬಾಡಿಗೆ, ಕಾಣಿಕೆ. ಇದನ್ನೆಲ್ಲ ಬಿಡುವ ಹಾಗಿಲ್ಲ, ನನಗೆ ಬಿಡಲು ಮನಸ್ಸೂ ಇಲ್ಲ. ಆದರೆ ಪ್ರತಿವರ್ಷ ಅದೇ ತಿಂಗಳಲ್ಲಿ ಬರುವುದನ್ನು ಅಚಾನಕ್ ಖರ್ಚು ಅಂತ ಕರೆಯುವುದು ತಪ್ಪು. ಈಗ ಜೂನಿನಿಂದಲೇ ಅದಕ್ಕೆ ಒಂದು ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ನಡೆಯುತ್ತದೆ.

ನಿಮ್ಮ ಲೆಕ್ಕಕ್ಕೆ ಬರೋಣ. ಬಾಡಿಗೆ, ಬೈಕು, ಅಮ್ಮ, ಇಷ್ಟಕ್ಕೇ 22,200. ಕಾರ್ಡಿನ ಮಿನಿಮಮ್ ಶೇ. 5 ಅಂತ ಹಿಡಿದರೆ 3,400. ಉಳಿಯುವ 20,400 ಎಲ್ಲಿ ಹೋಗುತ್ತದೆ ಅಂತ ನೀವು ಬರೆದಿಲ್ಲ. ಬಹುಶಃ ನಿಮಗೂ ಗೊತ್ತಿಲ್ಲ. ಒಂದು ವರ್ಷ ಕಾಯುವುದು ಬೇಡ, ಎರಡು ತಿಂಗಳು ಬರೆಯಿರಿ. ಆ್ಯಪ್ ಬೇಕಂತಿಲ್ಲ. ಯುಪಿಐಯಲ್ಲಿ ಹೋದದ್ದನ್ನು ರಾತ್ರಿ ಮಲಗುವ ಮೊದಲು ಕೈಯಲ್ಲೇ ಬರೆಯಿರಿ, ಕೈಯಲ್ಲಿ ಬರೆದದ್ದು ಮನಸ್ಸಿಗೆ ಹತ್ತುತ್ತದೆ.

ಆದರೆ ಕಾರ್ಡಿಗೆ ಎರಡು ತಿಂಗಳು ಕಾಯಬಾರದು. ಅದು ಟ್ಯಾಂಕಿಯ ತಳದ ತೂತು. ತಿಂಗಳಿಗೆ ಶೇ. 3.5 ಬಡ್ಡಿ ಅಂತ ಇಟ್ಟುಕೊಳ್ಳಿ, 68,000ಕ್ಕೆ 2,380. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 2,808. ಅಂದರೆ ನೀವು ಕಟ್ಟುವ 3,400ರಲ್ಲಿ ಸಾಲ ಇಳಿಯುವುದು 600 ರೂಪಾಯಿ ಕೂಡ ಅಲ್ಲ. ಬೇಸರ ಮಾಡಬೇಡಿ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಆ ಚೈನನ್ನು ಬ್ಯಾಂಕಿನಲ್ಲಿಟ್ಟು ಚಿನ್ನದ ಸಾಲ ತೆಗೆಯಿರಿ. ಬಡ್ಡಿ ವರ್ಷಕ್ಕೆ ಶೇ. 10ರ ಆಸುಪಾಸಿನಲ್ಲಿ ಸಿಕ್ಕಿದರೆ, ಅದೇ 68,000 ಹನ್ನೆರಡು ತಿಂಗಳಲ್ಲಿ ಮುಗಿಸಲು ತಿಂಗಳಿಗೆ ಸುಮಾರು 6,000 ಸಾಕು. ಈಗ ಕಟ್ಟುವುದಕ್ಕಿಂತ 2,600 ಜಾಸ್ತಿ, ಅಷ್ಟೇ. ಕಾರ್ಡನ್ನು ಪರ್ಸಿನಿಂದ ತೆಗೆದು ಕಪಾಟಿನಲ್ಲಿಡಿ. ಕಂತು ಮಾತ್ರ ತಪ್ಪಿಸಬೇಡಿ, ತಪ್ಪಿದರೆ ಚೈನ್ ಏಲಂಗೆ ಹೋಗುತ್ತದೆ.

ಪಿಎಫ್ ಮುಟ್ಟಬೇಡಿ. ಪರ್ಮಾಕಲ್ಚರಿನಲ್ಲಿ ಜಾಗವನ್ನು ವಲಯಗಳಾಗಿ ನೋಡುತ್ತಾರೆ. ದಿನಾ ಬೇಕಾಗುವುದು ಅಡುಗೆಮನೆ ಬಾಗಿಲಲ್ಲೇ, ನಮ್ಮ ಬಸಳೆ ಚಪ್ಪರ, ಕರಿಬೇವಿನ ಗಿಡ ಇದ್ದ ಹಾಗೆ. ವಾರಕ್ಕೊಮ್ಮೆ ನೋಡಬೇಕಾದ್ದು ಸ್ವಲ್ಪ ಆಚೆ. ತೆಂಗು, ಮಾವು, ಹಲಸು ಇನ್ನೂ ಆಚೆ. ಕೊನೆಯ ಐದನೇ ವಲಯಕ್ಕೆ ಯಾರೂ ಕತ್ತಿ ಹಿಡಿದು ಹೋಗುವುದಿಲ್ಲ, ಅದು ಕಾಡು. ನಮ್ಮವರಿಗೆ ಇದನ್ನು ಆಸ್ಟ್ರೇಲಿಯಾದವರು ಹೇಳಬೇಕಾಗಿಲ್ಲ, ಪ್ರತಿ ಕುಟುಂಬಕ್ಕೂ ಒಂದು ನಾಗಬನ ಉಂಟು, ನಾಗನಿಗೆ ಅಂತ ಬಿಟ್ಟ ಪುಟ್ಟ ಕಾಡು. ಎಷ್ಟೇ ಕಷ್ಟ ಬಂದರೂ ಬನದ ಮರ ಕಡಿದು ಮಾರಿದವರನ್ನು ನಾನು ನೋಡಿಲ್ಲ. ಸುತ್ತಲಿನ ಬಾವಿಗಳಲ್ಲಿ ನೀರು ನಿಲ್ಲಲು ಆ ಬನವೂ ಒಂದು ಕಾರಣ. ಪಿಎಫ್ ನಿಮ್ಮ ನಾಗಬನ. 2024–25ಕ್ಕೆ ಅದರ ಬಡ್ಡಿ ಶೇ. 8.25 ಇತ್ತು, 5 ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆಯೂ ಬೀಳುತ್ತದೆ. ಕೆಲಸ ಬದಲಿಸಿದರೆ ಹೊಸ ಕಂಪೆನಿಗೆ ವರ್ಗಾಯಿಸಿ. ಕಾರ್ಡಿನ ಬಡ್ಡಿ ಅದಕ್ಕಿಂತ ಎಷ್ಟೋ ಜಾಸ್ತಿ, ಲೆಕ್ಕಕ್ಕೆ ಪಿಎಫ್ ತೆಗೆಯುವುದೇ ಸರಿ ಅಲ್ವಾ ಅಂತ ನೀವು ಕೇಳಬಹುದು. ಬೇರೆ ದಾರಿ ಇಲ್ಲದಿದ್ದರೆ ಆ ಮಾತಿಗೆ ಬೆಲೆ ಇತ್ತು. ನಿಮಗೆ ಚೈನಿನ ದಾರಿ ಉಂಟು.

ಇನ್ನೊಂದೇ ಮಾತು. ನೀರಿಂಗಿಸುವವರು ಹೇಳುವುದುಂಟು, ಓಡುವ ನೀರನ್ನು ತೆವಳಿಸು, ತೆವಳುವುದನ್ನು ನಿಲ್ಲಿಸು, ನಿಂತದ್ದನ್ನು ಇಂಗಿಸು. ಈ ಕೆಲಸ ಗುಡ್ಡದ ತಲೆಯಿಂದ ಶುರುವಾಗಬೇಕು, ಕೆಳಗೆ ಬರುವಷ್ಟರಲ್ಲಿ ನೀರಿಗೆ ರಭಸ ಬಂದಿರುತ್ತದೆ, ಕಟ್ಟ ಕೊಚ್ಚಿಹೋಗುತ್ತದೆ. ತಿಂಗಳ ಕೊನೆಗೆ ಉಳಿದದ್ದನ್ನು ಇಡುತ್ತೇನೆ ಅನ್ನುವವರ ಕಟ್ಟ ನಿಲ್ಲದಿರುವುದು ಅದಕ್ಕೇ. ಸಂಬಳ ಬಿದ್ದ ಮರುದಿನವೇ 1,000 ರೂಪಾಯಿ ತಾನಾಗಿ ಆರ್‌ಡಿಗೆ ಹೋಗುವಂತೆ ಬ್ಯಾಂಕಿಗೆ ಹೇಳಿ. ಸಾಲ ಇರುವಾಗ ಉಳಿತಾಯ ಯಾಕೆ ಅನ್ನಬೇಡಿ. ಕೈಯಲ್ಲಿ ಏನೂ ಇಲ್ಲದ ದಿನ ಬೈಕ್ ಕೆಟ್ಟರೆ ಮತ್ತೆ ಅದೇ ಕಾರ್ಡಿಗೆ ಕೈ ಹೋಗುತ್ತದೆ. ಸಾಲ ಮುಗಿದ ತಿಂಗಳಿಂದ ಆ 6,000ವನ್ನೂ ಅದೇ ದಾರಿಗೆ ತಿರುಗಿಸಿ. ಆಗಲೇ ಕಳೆದು ಅಭ್ಯಾಸವಾದ ದುಡ್ಡು, ಕೊರತೆ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ವರ್ಷದ ಅಡಿಕೆ ಒಮ್ಮೆಗೇ ಮಾರಿ, ಬಂದ ದುಡ್ಡನ್ನು ಇವರು ಪೂರ್ತಿ ಒಂದೇ ಸೊಸೈಟಿಯಲ್ಲಿ ಇಡುತ್ತಾರೆ, ಬ್ಯಾಂಕಿಗಿಂತ ಬಡ್ಡಿ ಜಾಸ್ತಿ ಅಂತ. ಈಗ 9 ಲಕ್ಷ ಆಗಿದೆ. ನನಗೆ ಹೆದರಿಕೆ. ಹೇಗೆ ಹೇಳಲಿ?
— ಒಬ್ಬ ಗೃಹಿಣಿ, ಕಾರ್ಕಳ

ಉತ್ತರ: ಅಮ್ಮಾ, ನಿಮ್ಮ ಹೆದರಿಕೆಗೆ ಕಾರಣ ಉಂಟು. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಉಂಟು, 2020ರ ಫೆಬ್ರವರಿಯಿಂದ. ಅದಕ್ಕೆ ಮೊದಲು ಬರೇ 1 ಲಕ್ಷ ಇತ್ತು. ಬ್ಯಾಂಕ್ ಅಲ್ಲದ ಪತ್ತಿನ ಸೊಸೈಟಿಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ. ಎಲ್ಲ ಸೊಸೈಟಿಗಳೂ ಕೆಟ್ಟವು ಅಂತ ನಾನು ಹೇಳುವುದಿಲ್ಲ, ನಮ್ಮ ಜಿಲ್ಲೆಗಳಲ್ಲಿ ಹತ್ತಾರು ವರ್ಷದಿಂದ ಚೆನ್ನಾಗಿ ನಡೆಯುವವು ಬೇಕಾದಷ್ಟಿವೆ. ಆದರೆ ನಮ್ಮ ಅತ್ತೆ ತವರಿನ ಪಾಲು ಬಂದ ದುಡ್ಡನ್ನು ಪೂರ್ತಿ ಒಂದು ಸೊಸೈಟಿಯಲ್ಲಿ ಇಟ್ಟಿದ್ದರು. ಅದರ ಬಾಗಿಲು ಮುಚ್ಚಿತು. ಮೂರು ವರ್ಷ ಅಲೆದ ಮೇಲೆ ಅರ್ಧ ಬಂತು. ಪಾಸ್‌ಬುಕ್ ಅನ್ನು ಅವರು ಈಗಲೂ ದೇವರ ಕೋಣೆಯಲ್ಲೇ ಇಟ್ಟಿದ್ದಾರೆ.

ಯಜಮಾನರಿಗೆ ಬಡ್ಡಿಯ ಲೆಕ್ಕ ಹೇಳಬೇಡಿ, ತೋಟದ ಲೆಕ್ಕ ಹೇಳಿ. ಕೊಳೆರೋಗದ ವರ್ಷ ಅಡಿಕೆ ಉದುರಿದಾಗ ಮರಕ್ಕೆ ಬಿಟ್ಟ ಕಾಳುಮೆಣಸು ಕೈ ಹಿಡಿದದ್ದು ಅವರಿಗೆ ನೆನಪಿರುತ್ತದೆ. ಒಂದೇ ಬೆಳೆಯನ್ನು ನಂಬದವರು ಒಂದೇ ಪಾಸ್‌ಬುಕ್ಕನ್ನು ನಂಬಬೇಕಾ? ಅವಧಿ ಮುಗಿದ ಹಾಗೆ ಒಂದೊಂದೇ ಠೇವಣಿ ತೆಗೆದು ಎರಡು ಬ್ಯಾಂಕಿಗೆ ಹಾಕಿ, ಸ್ವಲ್ಪ ನಿಮ್ಮ ಹೆಸರಲ್ಲೂ ಇರಲಿ. ಸೊಸೈಟಿಯ ಸಂಬಂಧ ಕಡಿಯಬೇಕಾಗಿಲ್ಲ, ಒಂದು ಸಣ್ಣ ಪಾಲು ಅಲ್ಲೇ ಇರಲಿ.

ಅಡಿಕೆಯನ್ನು ಒಮ್ಮೆಗೇ ಮಾರುವುದನ್ನೂ ನೋಡಿ. ಚೆನ್ನಾಗಿ ಒಣಗಿಸಿ ಸುಲಿದ ಅಡಿಕೆ, ಅಂದರೆ ಚಾಲಿಯೇ ಒಂದು ಉಳಿತಾಯ. ಹೊಸ ಅಡಿಕೆಗಿಂತ ಹಳೆಯದಕ್ಕೆ ರೇಟು ಜಾಸ್ತಿ ಇರುವುದು ನಿಮಗೆ ಗೊತ್ತೇ ಉಂಟು. ಖರ್ಚಿಗೆ ಬೇಕಾದಷ್ಟು ಮಾರಿ, ಉಳಿದದ್ದು ಹುಳ ಹಿಡಿಯದ ಹಾಗೆ ಅಟ್ಟದಲ್ಲಿರಲಿ.

ಪ್ರಶ್ನೆ: ಅಮ್ಮ ಮಲ್ಪೆಯಿಂದ ಮೀನು ತಂದು ಮನೆಮನೆಗೆ ಮಾರುತ್ತಾರೆ, ಅವರಿಗೆ 54 ವರ್ಷ. ದಿನಕ್ಕೆ ಸಿಕ್ಕಿದ್ದು ದಿನಕ್ಕೇ ಮುಗಿಯುತ್ತದೆ. ಮಳೆಗಾಲದಲ್ಲಿ ಪ್ರತಿವರ್ಷ ಸಾಲ. ನಮ್ಮಂಥವರಿಗೂ ಇಂಥ ಯೋಜನೆ ಹೊಂದುತ್ತದಾ?
— ಕಾಲೇಜು ವಿದ್ಯಾರ್ಥಿನಿ, ಉಡುಪಿ

ಉತ್ತರ: ಮಗಳೇ, ನಿಮ್ಮ ಮನೆಗೆ ಹೊಂದುವಷ್ಟು ಬೇರೆ ಯಾರಿಗೂ ಹೊಂದುವುದಿಲ್ಲ. ನಿಮ್ಮ ವರ್ಷದ ಆಕಾರ ಕ್ಯಾಲೆಂಡರಿನಲ್ಲೇ ಬರೆದಿದೆ. ಜೂನ್ 1ರಿಂದ ಜುಲೈ 31, ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ. ಆ ದಿನಗಳಲ್ಲಿ ಮನೆ ನಡೆಯಲು ದಿನಕ್ಕೆ 400 ಬೇಕು ಅಂತ ಹಿಡಿ, 24,400 ಆಯಿತು. ಉಳಿದದ್ದು 304 ದಿನ. ದಿನಕ್ಕೆ 80 ರೂಪಾಯಿ ತೆಗೆದಿಟ್ಟರೆ 24,320. ಸಾಲದ ಬಡ್ಡಿ ಆಮೇಲೆ ಇಲ್ಲ. ಅಮ್ಮ ವಾರದಲ್ಲಿ ಒಂದು ದಿನ ಹೋಗದಿದ್ದರೆ 100 ಇಡಲಿ.

ಇದಕ್ಕೆ ಪಿಗ್ಮಿಗಿಂತ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಠೇವಣಿಗಿಂತ, ಒಳ್ಳೆಯದು ನನಗೆ ಗೊತ್ತಿಲ್ಲ, ಮತ್ತೆ ಅದು ಹುಟ್ಟಿದ್ದೇ ನಿಮ್ಮ ಊರಲ್ಲಿ. 1925ರಲ್ಲಿ ಉಡುಪಿಯಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಇದನ್ನು ತಂದಿತು. ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ಸಣ್ಣದಾಗಿ, ನಿಧಾನವಾಗಿ ಮಾಡು ಅನ್ನುವುದು ಹೋಮ್‌ಗ್ರೆನ್ ಬರೆದ ಸೂತ್ರಗಳಲ್ಲಿ ಒಂದು. ಉಡುಪಿಯಲ್ಲಿ ಅದು ಅವರಿಗಿಂತ ಎಷ್ಟೋ ಮೊದಲೇ ನಡೆದುಬಂದದ್ದು ನನಗೆ ತುಂಬ ಹೆಮ್ಮೆಯ ವಿಷಯ.

ಪಿಗ್ಮಿ ಬ್ಯಾಂಕಿನದ್ದೇ ಇರಲಿ. ಅವಧಿಗೆ ಮೊದಲು ತೆಗೆದರೆ ಎಷ್ಟು ಕಡಿಯುತ್ತಾರೆ ಅಂತ ಖಾತೆ ತೆರೆಯುವಾಗಲೇ ಕೇಳು, ಮೇ ಕೊನೆಗೆ ಕೈಗೆ ಬರುವ ಹಾಗೆ ಅವಧಿ ಹಾಕಿಸು. ಕೊಟ್ಟ ದಿನವೇ ರಸೀದಿ ಅಥವಾ ಮೆಸೇಜ್ ಬರಬೇಕು, ಅದನ್ನು ನೋಡುವ ಕೆಲಸ ನಿನ್ನದು. ಹಾಗೇ ಅಮ್ಮನ ಬ್ಯಾಂಕ್ ಖಾತೆಯಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ತಿ ಅಂಗವೈಕಲ್ಯ ಆದರೆ 2 ಲಕ್ಷ, 70 ವರ್ಷದವರೆಗೆ ಸಿಗುತ್ತದೆ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಬೆಳಗ್ಗೆ ರಸ್ತೆ ದಾಟುವವರಿಗೆ ಅದು ಬೇಕು. ಕಂತು ಮೇ ಕೊನೆಗೆ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ, ಆ ವಾರ ಖಾತೆಯಲ್ಲಿ 20 ರೂಪಾಯಿ ಇರುವ ಹಾಗೆ ನೋಡಿಕೋ.