ಓದುಗರ ಪ್ರಶ್ನೆ, ನಮ್ಮ ಉತ್ತರ: ಮಾಂಟೆ ಬೆಲ್ಲೊ ಬೆಟ್ಟದ ವೈನ್

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಕೊಡಗಿನಿಂದ ಬಂದ ಪತ್ರಗಳಲ್ಲಿ ಐದು ಪತ್ರಗಳು ಕ್ಯಾಲಿಫೋರ್ನಿಯಾದ ರಿಡ್ಜ್ ವಿನ್ಯಾರ್ಡ್ಸ್ ಎಂಬ ಒಂದೇ ವೈನರಿಗೆ ಸಂಬಂಧಿಸಿದವು. ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿರುವ ಮಕ್ಕಳನ್ನು ನೋಡಿ ಬಂದವರು ಬರೆದಿದ್ದಾರೆ, ಅಲ್ಲಿಂದ ಬಂದ ಬಾಟಲಿಯನ್ನು ಏನು ಮಾಡುವುದೆಂದು ತಿಳಿಯದವರೂ ಬರೆದಿದ್ದಾರೆ. ವಿಷಯ ಒಂದೇ ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಗನ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಅವನು ನಮ್ಮನ್ನು ಕುಪರ್ಟಿನೊ ಪಟ್ಟಣದ ಹಿಂದಿನ ಬೆಟ್ಟದ ಮೇಲಿರುವ ರಿಡ್ಜ್ ವೈನರಿಗೆ ಕರೆದೊಯ್ದ. ದಾರಿಯ ತಿರುವುಗಳು ನಮ್ಮ ಸಂಪಾಜೆ ಘಾಟಿಯನ್ನು ನೆನಪಿಸಿದವು. ಇಲ್ಲಿನ ವೈನ್ ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ವೈನನ್ನೇ ಸೋಲಿಸಿತ್ತು ಎಂದು ಮಗ ಹೇಳಿದ. ಅದು ನಿಜವೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನಿಮ್ಮ ಮಗ ಹೇಳಿದ್ದರಲ್ಲಿ ಸತ್ಯವಿದೆ. ಆದರೆ ಮೂವತ್ತು ವರ್ಷಗಳ ಅಂತರದಲ್ಲಿ ನಡೆದ ಎರಡು ಸಂಗತಿಗಳು ಆ ಮಾತಿನಲ್ಲಿ ಒಂದಾಗಿ ಬೆರೆತುಹೋಗಿವೆ.

ಪ್ಯಾರಿಸ್ಸಿನಲ್ಲಿ ವೈನ್ ಅಂಗಡಿ ನಡೆಸುತ್ತಿದ್ದ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ 1976ರ ಮೇ 24ರಂದು ಒಂಬತ್ತು ಮಂದಿ ಫ್ರೆಂಚ್ ಪರಿಣತರನ್ನು ಕೂರಿಸಿ, ಯಾವ ಲೋಟದಲ್ಲಿ ಯಾವ ವೈನ್ ಇದೆಯೆಂದು ತಿಳಿಸದೆ, ಕ್ಯಾಲಿಫೋರ್ನಿಯಾ ಮತ್ತು ಫ್ರಾನ್ಸಿನ ವೈನ್‌ಗಳಿಗೆ ಅಂಕ ಕೊಡಿಸಿದರು. ಕೆಂಪು ವೈನ್‌ಗಳು ಹತ್ತು; ಅವುಗಳಲ್ಲಿ ಆರು ಕ್ಯಾಲಿಫೋರ್ನಿಯಾದವು, ನಾಲ್ಕು ಫ್ರಾನ್ಸಿನ ಬೋರ್ಡೋ ಸೀಮೆಯವು. ಮೊದಲ ಸ್ಥಾನ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ವೈನ್‌ಗೆ ಸಂದಿತು. ಬಿಳಿ ವೈನ್‌ಗಳಲ್ಲಿಯೂ ನಾಪಾದ ಶಾಟೊ ಮಾಂಟೆಲೀನಾವೇ ಗೆದ್ದಿತು. ನೀವು ನೋಡಿ ಬಂದ ರಿಡ್ಜ್‌ನ 1971ರ ಫಸಲಿನ ವೈನ್, ಬೆಟ್ಟದ ಹೆಸರನ್ನೇ ಹೊತ್ತ ಮಾಂಟೆ ಬೆಲ್ಲೊ, ಅಂದು ಐದನೆಯದಾಗಿತ್ತು. ಅದಕ್ಕಿಂತ ಮೇಲಿನ ಮೂರು ಸ್ಥಾನಗಳಲ್ಲಿ ಬೋರ್ಡೋದ ಹೆಸರಾಂತ ವೈನ್‌ಗಳಿದ್ದವು. ಆದ್ದರಿಂದ ಪ್ಯಾರಿಸ್ಸಿನಲ್ಲಿ ಗೆದ್ದದ್ದು ರಿಡ್ಜ್ ಅಲ್ಲ.

ಫಲಿತಾಂಶ ಬಂದ ಮೇಲೆ ಫ್ರಾನ್ಸಿನ ಕಡೆಯವರು ಎತ್ತಿದ ಆಕ್ಷೇಪ ಗಂಭೀರವಾದದ್ದು. ಕ್ಯಾಲಿಫೋರ್ನಿಯಾದ ವೈನ್ ಎಳೆಯದಾಗಿರುವಾಗಲೇ ಬಾಯಿಗೆ ಹಿತವೆನಿಸುತ್ತದೆ, ಬೋರ್ಡೋದ ವೈನ್ ಮಾಗುವುದಕ್ಕೆ ದಶಕಗಳೇ ಬೇಕು, ಅಷ್ಟು ಕಾಲ ಕಾದು ನೋಡಿದರೆ ಯಾವುದು ಉಳಿಯುತ್ತದೆಂದು ತಿಳಿಯುತ್ತದೆ ಎಂಬುದು ಅವರ ವಾದವಾಗಿತ್ತು. ಆ ವಾದವನ್ನು ಒರೆಗೆ ಹಚ್ಚಲು 2006ರಲ್ಲಿ, ಅದೇ ಮೇ 24ರಂದು, ಲಂಡನ್ ಮತ್ತು ನಾಪಾ ಎರಡೂ ಕಡೆ ಅದೇ ಹತ್ತು ಕೆಂಪು ವೈನ್‌ಗಳನ್ನು ಮತ್ತೆ ತೆರೆದರು. ಒಟ್ಟು ಅಂಕಗಳಲ್ಲಿ ಮೊದಲನೆಯದಾಗಿ ನಿಂತದ್ದು ರಿಡ್ಜ್‌ನ 1971ರ ಮಾಂಟೆ ಬೆಲ್ಲೊ. ಮೊದಲ ಐದೂ ಸ್ಥಾನಗಳು ಕ್ಯಾಲಿಫೋರ್ನಿಯಾಕ್ಕೇ ದಕ್ಕಿದವು. ನನ್ನ ಮಟ್ಟಿಗೆ ಈ ಎರಡನೆಯ ಗೆಲುವೇ ದೊಡ್ಡದು, ಏಕೆಂದರೆ ಮೂರು ದಶಕಕ್ಕೂ ಹೆಚ್ಚು ಕಾಲ ಬಾಟಲಿಯಲ್ಲಿ ಮಲಗಿದ್ದ ವೈನ್ ಆ ಹೊತ್ತಿಗೆ ತನ್ನ ಹುರುಪನ್ನು ಕಳೆದುಕೊಳ್ಳದೆ ಉಳಿದಿತ್ತು.

ಇನ್ನು, ನೀವು ಏರಿದ ಆ ಬೆಟ್ಟದ ಕಥೆ. ಸ್ಯಾನ್‌ಫ್ರಾನ್ಸಿಸ್ಕೊದ ಇಟಾಲಿಯನ್ ಸಮುದಾಯದಲ್ಲಿ ಗಣ್ಯರಾಗಿದ್ದ ವೈದ್ಯ ಒಸಿಯಾ ಪೆರೋನೆ 1885ರಲ್ಲಿ ಅಲ್ಲಿ 180 ಎಕರೆ ಕೊಂಡು, ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ ಬಳ್ಳಿ ನೆಡಿಸಿದರು. ಮೊದಲ ವೈನ್ 1892ರದು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಇದ್ದ ಪಾನನಿಷೇಧದ ಕಾಲದಲ್ಲಿ ತೋಟ ಪಾಳುಬಿತ್ತು. ಪಕ್ಕದ ಜಮೀನಿನಲ್ಲಿ 1940ರ ದಶಕದಲ್ಲಿ ಕ್ಯಾಬರ್ನೆ ಸಾವಿನ್ಯೋನ್ ತಳಿಯನ್ನು ಹೊಸದಾಗಿ ನೆಟ್ಟವರು ವಿಲಿಯಂ ಶಾರ್ಟ್ ಎಂಬ ಧರ್ಮಶಾಸ್ತ್ರಜ್ಞರು. ಆ ಜಮೀನನ್ನು 1959ರಲ್ಲಿ ಕೊಂಡವರು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ನಾಲ್ವರು. ಅವರಲ್ಲಿ ಒಬ್ಬರಾದ ಚಾರ್ಲ್ಸ್ ರೋಸೆನ್ ಅದೇ ಸಂಸ್ಥೆಯಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರವನ್ನು ಕಟ್ಟಿದವರು. ಸುತ್ತಲಿನದನ್ನು ನೋಡಿ ತಾನೇ ದಾರಿ ಯೋಚಿಸುತ್ತಿದ್ದ ಶೇಕಿ ಎಂಬ ರೋಬೋಟ್ ಅಲ್ಲಿ ರೂಪುಗೊಂಡಿತು. ಕಂಪ್ಯೂಟರ್ ಉದ್ಯೋಗಕ್ಕೆಂದು ಆ ಊರಿಗೆ ಹೋಗಿರುವ ನಿಮ್ಮ ಮಗನಿಗೆ ಇದನ್ನು ತಿಳಿಸಿ, ಅವರಿಗೆ ಖುಷಿಯಾಗಬಹುದು. ಈ ವಿಜ್ಞಾನಿಗಳು ತಮ್ಮ ಸಂತೋಷಕ್ಕೆಂದು ಮೊದಲ ವರ್ಷ ಒಂದು ಪೀಪಾಯಿಗೂ ಕಡಿಮೆ ವೈನ್ ಮಾಡಿದರು. ಅದು ಎಷ್ಟು ಚೆನ್ನಾಗಿತ್ತೆಂದರೆ 1962ರಲ್ಲಿ ಪರವಾನಗಿ ಪಡೆದು ವೈನರಿಯನ್ನೇ ತೆರೆದರು. ತತ್ತ್ವಶಾಸ್ತ್ರ ಓದಿ, ಚಿಲಿ ದೇಶದಲ್ಲಿ ವೈನ್ ಮಾಡುತ್ತಿದ್ದ ಪಾಲ್ ಡ್ರೇಪರ್ 1969ರಲ್ಲಿ ಬಂದು ಸೇರಿ, 2016ರಲ್ಲಿ ನಿವೃತ್ತರಾಗುವವರೆಗೆ ಆ ವೈನಿಗೆ ಇಂದಿನ ರೂಪ ಕೊಟ್ಟರು.

ಪ್ರಶ್ನೆ: ರಿಡ್ಜ್ ಈಗ ಜಪಾನಿನವರ ಕೈಯಲ್ಲಿದೆ ಎಂದು ಕೇಳಿದ್ದೇನೆ. ಹೌದೇ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಹೌದು. 1980ರ ದಶಕದ ಉತ್ತರಾರ್ಧದಲ್ಲಿ ಜಪಾನಿನ ಔಷಧ ಉದ್ಯಮಿ ಅಕಿಹಿಕೊ ಒಟ್ಸುಕಾ ಅದನ್ನು ಕೊಂಡರು. ವೈನ್ ಮಾಡುವ ಹೊಣೆ ಆಗಲೂ ಡ್ರೇಪರ್ ಅವರಲ್ಲಿಯೇ ಉಳಿಯಿತು.

ಪ್ರಶ್ನೆ: ನಮ್ಮಲ್ಲಿಯೂ ಬೆಟ್ಟವಿದೆ, ಇಳಿಜಾರಿದೆ, ಮಂಜಿದೆ. ಕಾಫಿಯ ಆಳು ಖರ್ಚು ಏರುತ್ತಲೇ ಇದೆ. ಎರಡು ಎಕರೆಯಲ್ಲಿ ಅಂಥ ವೈನ್ ದ್ರಾಕ್ಷಿಯನ್ನು ಬೆಳೆಸಿ ನೋಡಬಾರದೇಕೆ?
– ಬೆಳೆಗಾರರೊಬ್ಬರು, ಸೋಮವಾರಪೇಟೆ

ಉತ್ತರ: ಈ ಆಸೆ ನನಗೂ ಒಮ್ಮೆ ಬಂದದ್ದುಂಟು, ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಹಗುರವಾಗಿ ಕಾಣುತ್ತಿಲ್ಲ. ಮಾಂಟೆ ಬೆಲ್ಲೊ ತೋಟ 1,300 ಅಡಿಯಿಂದ 2,700 ಅಡಿಯವರೆಗೆ ಹಬ್ಬಿದೆ. ಅಂದರೆ ಅದರ ನೆತ್ತಿಯೂ ಮಡಿಕೇರಿಗಿಂತ ಸಾವಿರ ಅಡಿಯಷ್ಟು ತಗ್ಗಿನಲ್ಲಿದೆ. ಹಾಗಿದ್ದರೂ ಪೆಸಿಫಿಕ್ ಸಾಗರದ ತಂಪು ಅದಕ್ಕೆ ತಾಗುವುದರಿಂದ ಹಣ್ಣು ಅವಸರವಿಲ್ಲದೆ ಮಾಗುತ್ತದೆ, ಹುಳಿ ಉಳಿಯುತ್ತದೆ. ನೋಟಕ್ಕೆ ಎರಡು ಬೆಟ್ಟಗಳೂ ಒಂದೇ. ಆದರೆ ಮಳೆಯ ಲೆಕ್ಕ ತಲೆಕೆಳಗು.

ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ನವೆಂಬರಿನಿಂದ ಮಾರ್ಚ್‌ವರೆಗೆ, ಬಳ್ಳಿ ಎಲೆಯುದುರಿಸಿ ಮಲಗಿರುವಾಗ. ಚಿಗುರು, ಹೂವು, ಕಾಯಿ, ಹಣ್ಣು ಎಲ್ಲವೂ ಒಣ ಬಿಸಿಲಿನಲ್ಲಿ ನಡೆಯುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೊಯ್ಲು. ನಮ್ಮಲ್ಲಿ ಬಳ್ಳಿ ಮಲಗುವಷ್ಟು ಚಳಿಯೇ ಇಲ್ಲ. ಆದ್ದರಿಂದ ನಂದಿ ಬೆಟ್ಟದ ಸುತ್ತಲೂ ನಾಸಿಕದಲ್ಲಿಯೂ ಮಾಡುವಂತೆ ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಚಾಟನಿ ಮಾಡಿ, ಫೆಬ್ರವರಿ, ಮಾರ್ಚ್‌ನಲ್ಲಿ ಹಣ್ಣು ಕೊಯ್ಯಬೇಕಾಗುತ್ತದೆ. ಏಪ್ರಿಲ್ ಚಾಟನಿಯ ನಂತರ ಬರುವ ಕೊಂಬೆಗಳಲ್ಲಿಯೇ ಮುಂದಿನ ಫಸಲಿನ ಮೊಗ್ಗು ಒಳಗೊಳಗೇ ರೂಪುಗೊಳ್ಳುವುದು. ಅದಕ್ಕೆ ಬಿಸಿಲು ಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಂಥ ಕಡೆ ಜೂನ್, ಜುಲೈನ ಮೋಡದಡಿಯಲ್ಲಿ ಆ ಮೊಗ್ಗು ಬರಡಾಗುತ್ತದೆ. ನಿಮ್ಮ ಕಡೆ ಮಳೆ ಅದಕ್ಕಿಂತ ಕಡಿಮೆಯೇ ಇದ್ದರೂ ಮುಂಗಾರಿನ ಮೋಡ ತಪ್ಪುವುದಿಲ್ಲ. ಹೇಗೋ ಹಣ್ಣು ಬಂತೆಂದುಕೊಳ್ಳಿ, ಮಾಗುವ ಹೊತ್ತಿಗೆ ಸರಿಯಾಗಿ ಹೂಮಳೆ ಬರುತ್ತದೆ. ಕಾಫಿಗೆ ನಾವು ಆಕಾಶ ನೋಡಿ ಬೇಡಿಕೊಳ್ಳುವ ಅದೇ ಮಳೆ ಮಾಗಿದ ದ್ರಾಕ್ಷಿಯ ಸಿಪ್ಪೆಯನ್ನು ಸೀಳಿ ಗೊನೆಯನ್ನು ಕೊಳೆಯಿಸುತ್ತದೆ.

ಮಣ್ಣೂ ಬೇರೆ. ಮಾಂಟೆ ಬೆಲ್ಲೊದಲ್ಲಿ ಮೇಲ್ಮಣ್ಣಿನ ಕೆಳಗೆ ಒಡೆದ ಸುಣ್ಣದಕಲ್ಲು ಇದೆ, ಕ್ಯಾಲಿಫೋರ್ನಿಯಾದಲ್ಲಿ ಅದು ಅಪರೂಪ. ನಮ್ಮ ಮಣ್ಣು ಹುಳಿ. ಅದನ್ನು ಸರಿಪಡಿಸಲು ನಾವೇ ಚೀಲಗಟ್ಟಲೆ ಸುಣ್ಣ ತಂದು ಎರಚುತ್ತೇವೆ.

ಆದರೂ ದ್ರಾಕ್ಷಿತೋಟದೊಂದಿಗೆ ಕೊಡಗಿಗೆ ಒಂದು ಹಳೆಯ ಸಂಬಂಧವಿದೆ, ಅದನ್ನು ಹೇಳದೆ ಈ ಉತ್ತರವನ್ನು ಮುಗಿಸಲು ಮನಸ್ಸಿಲ್ಲ. ಮುಂಗಾರಿಗೆ ಮೊದಲು ಕೊಳೆರೋಗ ಬಾರದಿರಲೆಂದು ಮೈಲುತುತ್ತ ಮತ್ತು ಸುಣ್ಣವನ್ನು ಡ್ರಮ್ಮಿನಲ್ಲಿ ಕಲಸಿ, ಆಕಾಶನೀಲಿ ಬಣ್ಣ ಬಂದ ಮೇಲೆ ಗಿಡಗಳಿಗೆ ನೀವು ಹೊಡೆಸುವ ಬೋರ್ಡೋ ದ್ರಾವಣ ಹುಟ್ಟಿದ್ದು ವೈನಿನ ಬೋರ್ಡೋ ಸೀಮೆಯಲ್ಲಿಯೇ. ದಾರಿಹೋಕರು ಹಣ್ಣು ಕೀಳದಿರಲೆಂದು ಅಲ್ಲಿನ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಈ ನೀಲಿ ಮಿಶ್ರಣ ಬಳಿಯುತ್ತಿದ್ದರು. ಬಳಿದ ಸಾಲುಗಳಿಗೆ ಮಾತ್ರ ಬೂಜುರೋಗ ತಗುಲಿಲ್ಲವೆಂಬುದನ್ನು ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಡಾ. ಪೆರೋನೆ ಬೆಟ್ಟವನ್ನು ಕೊಂಡದ್ದೂ ಅದೇ ವರ್ಷ. ಮಾಂಟೆ ಬೆಲ್ಲೊದ ವೈನಿಗೆ ಬಳಸುವ ಕ್ಯಾಬರ್ನೆ ಸಾವಿನ್ಯೋನ್, ಮೆರ್ಲೊ, ಪೆಟಿ ವೆರ್ಡೊ, ಕ್ಯಾಬರ್ನೆ ಫ್ರಾಂಕ್ ತಳಿಗಳೂ ಬೋರ್ಡೋದವೇ. ಬಳ್ಳಿ ಅವರ ಬೆಟ್ಟಕ್ಕೆ ಒಗ್ಗಿತು, ಮದ್ದು ನಮ್ಮ ಬೆಟ್ಟಕ್ಕೆ ಒಗ್ಗಿತು. ಕೊಡಗಿನ ಅರೇಬಿಕಾಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಆ ಎರಡು ಎಕರೆ ಕಾಫಿಯನ್ನು ದಯವಿಟ್ಟು ಕೀಳಿಸಬೇಡಿ.

ಪ್ರಶ್ನೆ: ಅತ್ತೆಯವರ ಕಾಲದಿಂದ ನಮ್ಮ ಮನೆಯಲ್ಲಿ ದ್ರಾಕ್ಷಿ ವೈನ್ ಹಾಕುತ್ತೇವೆ. ಸಕ್ಕರೆ, ಒಂದು ಹಿಡಿ ಗೋಧಿ, ಯೀಸ್ಟ್ ಸೇರಿಸಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ 21 ದಿನ ಇಡುವುದು ರೂಢಿ. ರಿಡ್ಜ್‌ನವರು ಯೀಸ್ಟನ್ನೇ ಹಾಕುವುದಿಲ್ಲವಂತೆ. ಹಾಗಾದರೆ ಹುದುಗು ಬರುವುದು ಹೇಗೆ?
– ಗೃಹಿಣಿಯೊಬ್ಬರು, ವಿರಾಜಪೇಟೆ

ಉತ್ತರ: ನಿಮ್ಮ ಮನೆಯಲ್ಲಿ ಕಾಫಿ ತೋಟವಿದ್ದರೆ ಇದನ್ನು ನೀವು ಈಗಾಗಲೇ ನೋಡಿದ್ದೀರಿ. ಪಲ್ಪರ್‌ನಿಂದ ಇಳಿದ ಕಾಫಿಬೀಜವನ್ನು ತೊಟ್ಟಿಯಲ್ಲಿ ಬಿಟ್ಟರೆ, ಯಾರೂ ಏನನ್ನೂ ಹಾಕದಿದ್ದರೂ, ಅದರ ಮೇಲಿನ ಲೋಳೆ ತಾನಾಗಿ ಹುದುಗಿ ಕಳಚುತ್ತದೆ. ಹಣ್ಣಿನ ಸಿಪ್ಪೆಯ ಮೇಲೂ ತೊಟ್ಟಿಯಲ್ಲೂ ಇರುವ ಸೂಕ್ಷ್ಮಜೀವಿಗಳೇ ಆ ಕೆಲಸ ಮಾಡುತ್ತವೆ. ದ್ರಾಕ್ಷಿಯ ಸಿಪ್ಪೆಯ ಮೇಲೂ ವೈನರಿಯೊಳಗೂ ಯೀಸ್ಟ್ ಇರುತ್ತದೆ. ರಿಡ್ಜ್‌ನವರು ಅದನ್ನೇ ನೆಚ್ಚಿಕೊಂಡಿದ್ದಾರೆ. ಎರಡನೆಯ ಹಂತವೂ ಹಾಗೆಯೇ: ಹಸಿರು ಸೇಬಿನಲ್ಲಿರುವಂಥ ಚುರುಕಾದ ಹುಳಿಯನ್ನು ಮೊಸರಿನಲ್ಲಿರುವ ಮೆದುವಾದ ಹುಳಿಯನ್ನಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾವನ್ನೂ ಅವರು ಹೊರಗಿನಿಂದ ತರುವುದಿಲ್ಲ. ಕಾರ್ಖಾನೆಯ ಪದ್ಧತಿಗಳು ಬರುವ ಮೊದಲು ವೈನನ್ನು ಹೇಗೆ ಮಾಡುತ್ತಿದ್ದರೆಂದು ಡ್ರೇಪರ್ 19ನೆಯ ಶತಮಾನದ ಪುಸ್ತಕಗಳನ್ನು ಓದಿ ಕಲಿತರು. ಹಾಗೆಂದು ಎಲ್ಲವನ್ನೂ ದೈವದ ಮೇಲೆ ಬಿಟ್ಟವರಲ್ಲ. ವೈನ್ ಯಾವ ಹಂತದಲ್ಲಿದೆಯೆಂದು ರಿಡ್ಜ್‌ನವರು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಲೇ ಇರುತ್ತಾರೆ.

ನೀವು ಮಾತ್ರ ಯೀಸ್ಟನ್ನು ಬಿಡಬೇಡಿ. ನಮ್ಮ ಸಂತೆಗೆ ಬರುವ ಬೆಂಗಳೂರು ನೀಲಿ ದ್ರಾಕ್ಷಿ ಔಷಧಿ ಹೊಡೆಸಿಕೊಂಡು, ನಾಲ್ಕು ಕೈ ದಾಟಿ, ತೊಳೆಸಿಕೊಂಡು ಭರಣಿ ಸೇರುತ್ತದೆ. ಒಳ್ಳೆಯ ಯೀಸ್ಟ್ ಮೇಲುಗೈ ಪಡೆಯುವುದು ತಡವಾದರೆ ಬೇಡದ ಸೂಕ್ಷ್ಮಜೀವಿಗಳು ಮೊದಲು ಸೇರಿಕೊಳ್ಳುತ್ತವೆ. ಗಾಳಿಯೂ ಆಡಿದರೆ ಕೊನೆಗೆ ನಿಮಗೆ ಸಿಗುವುದು ವಿನಿಗರ್. ಸಕ್ಕರೆಯ ವಿಷಯವೂ ಅಷ್ಟೇ. ವೈನ್‌ಗೆಂದೇ ಬೆಳೆಸಿ ಪೂರ್ತಿ ಮಾಗಿಸಿದ ಹಣ್ಣಿನಲ್ಲಿ ಬೇಕಾದಷ್ಟು ಸಿಹಿ ಇರುತ್ತದೆ, ಬೆಂಗಳೂರು ನೀಲಿಯಲ್ಲಿ ಅಷ್ಟಿಲ್ಲ.

ರಿಡ್ಜ್‌ನಿಂದ ನಾವು ತೆಗೆದುಕೊಳ್ಳಬಹುದಾದದ್ದು ಬೇರೊಂದಿದೆ. ಅಮೆರಿಕದ ಕಾನೂನಿನಂತೆ ವೈನ್ ಬಾಟಲಿಯ ಮೇಲೆ ಅದರಲ್ಲಿ ಬಳಸಿದ ಪದಾರ್ಥಗಳ ಪಟ್ಟಿಯನ್ನು ಅಚ್ಚುಮಾಡಬೇಕಾಗಿಲ್ಲ, ಗಂಧಕದ ಅಂಶವಿದ್ದರೆ ಹೇಳಿದರೆ ಸಾಕು. ಅನುಮತಿಯಿರುವ ಪದಾರ್ಥಗಳಾದರೋ ಹತ್ತಾರು. ರಿಡ್ಜ್‌ನವರು 2011ರ ಫಸಲಿನಿಂದ ತಾವಾಗಿಯೇ ಪಟ್ಟಿ ಕೊಡುತ್ತಿದ್ದಾರೆ: ಕೈಯಿಂದ ಕೊಯ್ದ ದ್ರಾಕ್ಷಿ, ಅಲ್ಲಿಯದೇ ಯೀಸ್ಟ್, ಅಲ್ಲಿಯದೇ ಬ್ಯಾಕ್ಟೀರಿಯಾ, ಪೀಪಾಯಿಯ ಓಕ್ ಮರದಿಂದ ಬಂದ ಅಂಶ, ಅಗತ್ಯವಿರುವಷ್ಟೇ ಗಂಧಕ. ಯಾವುದಾದರೂ ವರ್ಷ ನೀರು ಬೆರೆಸಿದ್ದರೆ ಅದನ್ನೂ ಬರೆಯುತ್ತಾರೆ.

ಹೋದ ವರ್ಷ ನಮ್ಮ ಜಿಲ್ಲೆಯ ಅಂಗಡಿಯೊಂದರಲ್ಲಿ ‘ಹೋಂ ಮೇಡ್’ ಎಂದಷ್ಟೇ ಬರೆದಿದ್ದ ದ್ರಾಕ್ಷಿ ವೈನ್ ಕೊಂಡೆ. ಸುರಿಯುವಾಗ ಒಂದು ಹನಿ ಬಿಳಿ ಪಂಚೆಯ ಮೇಲೆ ಬಿತ್ತು. ದ್ರಾಕ್ಷಿಯ ಬಣ್ಣವಾದರೆ ಸೋಪು ತಾಗಿದೊಡನೆ ನೀಲಿಗೆ ತಿರುಗಬೇಕು; ಈ ಕಲೆ ತಿರುಗಲಿಲ್ಲ, ಗುಲಾಬಿಯಾಗಿಯೇ ಉಳಿಯಿತು. ಭರಣಿಗೆ ಕೈಯಾರೆ ಹಣ್ಣು ಹಾಕಿ ಕಾಯುವ ನಿಮ್ಮಂಥವರ ಶ್ರಮ ಇಂಥ ಬಣ್ಣದ ನೀರಿನ ಜೊತೆ ಒಂದೇ ಹೆಸರಿನಲ್ಲಿ ಎಣಿಕೆಯಾಗುವುದು ನನಗೆ ಬಹಳ ನೋವು ತರುತ್ತದೆ. ನಿಮ್ಮ ಬಾಟಲಿಗಳಿಗೆ ಒಂದು ಚೀಟಿ ಅಂಟಿಸಿ. ಹಾಕಿದ ದಿನ, ಸೋಸಿದ ದಿನ, ದ್ರಾಕ್ಷಿ ಎಷ್ಟು, ಸಕ್ಕರೆ ಎಷ್ಟು, ಗೋಧಿ ಎಷ್ಟು, ಎಲ್ಲವನ್ನೂ ಬರೆಯಿರಿ.

ಪ್ರಶ್ನೆ: ಬಾವ ಅಮೆರಿಕದಿಂದ ಬರುವಾಗ 2015ರ ಮಾಂಟೆ ಬೆಲ್ಲೊ ಒಂದು ಬಾಟಲಿ ತಂದುಕೊಟ್ಟಿದ್ದಾರೆ. ಕೈಲ್‌ಪೊಳ್ದ್‌ಗೆ ತೆರೆಯೋಣವೇ, ಇಡೋಣವೇ? ಪಂದಿ ಕರಿಯ ಜೊತೆ ಹೊಂದುತ್ತದೆಯೇ?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಈ ವೈನ್ ಇನ್ನೂ ಹಲವು ವರ್ಷ ನಿಲ್ಲುತ್ತದೆ, ಆದರೆ ಅದಕ್ಕೆ 12ರಿಂದ 15 ಡಿಗ್ರಿಯ, ಏರಿಳಿತವಿಲ್ಲದ ತಂಪು ಬೇಕು. ನಮ್ಮ ಮನೆಗಳಲ್ಲಿ ಮಳೆಗಾಲದ ತಂಪು ಏಪ್ರಿಲ್‌ನಲ್ಲಿ ಇರುವುದಿಲ್ಲ. ಹಾಗಾಗಿ ಈ ಹಬ್ಬಕ್ಕೇ ತೆರೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಕಾರ್ಕ್ ಒಣಗದಂತೆ ಬಾಟಲಿಯನ್ನು ಅಡ್ಡ ಮಲಗಿಸಿ, ಬೆಳಕು ಬೀಳದ ನೆಲಮಟ್ಟದ ಕೋಣೆಯಲ್ಲಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಖಂಡಿತ ಬೇಡ. ಮಳೆಗಾಲದಲ್ಲಿ ಲೇಬಲ್ಲಿಗೆ ಬೂಷ್ಟು ಹಿಡಿದರೆ ಗಾಬರಿಯಾಗಬೇಡಿ, ಒಳಗಿನ ವೈನಿಗೆ ಅದರಿಂದ ತೊಂದರೆಯಿಲ್ಲ.

ಕಾಚಂಪುಳಿಯ ಕಡುಹುಳಿ, ಕಾಳುಮೆಣಸು, ಹುರಿದ ಮಸಾಲೆಗಳ ಎದುರು ಮಾಂಟೆ ಬೆಲ್ಲೊದ ಸೂಕ್ಷ್ಮ ಪರಿಮಳ ಅಡಗಿಹೋಗುತ್ತದೆ. ಪಂದಿ ಕರಿಯ ಜೊತೆ ಕುಡಿಯಲು ಅದೇ ವೈನರಿಯ ಗೈಸರ್‌ವಿಲ್ ಹೆಚ್ಚು ಸರಿ. 1966ರಿಂದ ಮಾಡುತ್ತಿರುವ ಆ ವೈನ್ ಜಿನ್‌ಫ್ಯಾಂಡೆಲ್, ಕ್ಯಾರಿನ್ಯಾನ್ ಮೊದಲಾದ ತಳಿಗಳು ಬೆರೆತ ಹಳೆಯ ತೋಟದ್ದು. ನಮ್ಮ ತೋಟದಲ್ಲಿ ಕಾಫಿ, ಮೆಣಸು, ಕಿತ್ತಳೆ ಕೂಡಿ ಬೆಳೆಯುವಂತೆ ಅಲ್ಲಿ ನೂರು ವರ್ಷ ದಾಟಿದ ಬಳ್ಳಿಗಳು ಕೂಡಿ ನಿಂತಿವೆ. ಬಾವ ಮುಂದಿನ ಸಲ ಬರುವಾಗ ಅದನ್ನು ತರಲು ಹೇಳಿ. ಈಗಿರುವ ಬಾಟಲಿಗೆ ಉಪ್ಪು, ಸ್ವಲ್ಪ ಮೆಣಸು ಮಾತ್ರ ಹಾಕಿ ಹುರಿದ ಕುರಿಮಾಂಸ ಸಾಕು. ಹಬ್ಬದ ಹಿಂದಿನ ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದರೆ ಗಸಿ ತಳಕ್ಕೆ ಇಳಿಯುತ್ತದೆ. ಊಟಕ್ಕೆ ಎರಡು ಗಂಟೆ ಮೊದಲು ತೆರೆದು, ಅಲುಗಾಡಿಸದೆ, ಕತ್ತಿನ ಹಿಂದೆ ಟಾರ್ಚ್ ಹಿಡಿದುಕೊಂಡು ಗಾಜಿನ ಜಗ್ಗಿಗೆ ನಿಧಾನವಾಗಿ ಬಗ್ಗಿಸಿ. ಕಪ್ಪು ಗೆರೆಯೊಂದು ಕತ್ತಿನತ್ತ ಸರಿಯುತ್ತಿರುವುದು ಕಂಡೊಡನೆ ನಿಲ್ಲಿಸಿಬಿಡಿ.