ತಂತಿಗೆ ಸಿಕ್ಕಿಸಿದ ರಸೀದಿಗಳು

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರ: ‘ಬಡತನ ಹೆಚ್ಚುತ್ತಲೇ ಇದೆ. ಮಗನ ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಳ್ಳುತ್ತಾರೆ. ದುಡಿಮೆಯನ್ನು ಬಿಟ್ಟು ಸಿರಿವಂತರ ಆಸ್ತಿಗೆ ತೆರಿಗೆ ಹಾಕಬಾರದೇಕೆ?’

ಮೇಷ್ಟ್ರೇ, ಮೊದಲ ಸಾಲಿಗೇ ಕೆಂಪು ಶಾಯಿ ಹಚ್ಚುತ್ತಿದ್ದೇನೆ, ಬೇಸರಿಸಬೇಡಿ. ಬಡತನ ಇಳಿದಿದೆ ಅನ್ನುತ್ತದೆ ಸರ್ಕಾರದ ಲೆಕ್ಕ. 80 ಕೋಟಿ ಜನರಿಗೆ ಪುಕ್ಕಟೆ ಪಡಿತರ ಕೊಡುತ್ತಿರುವುದೂ ಅದೇ ಸರ್ಕಾರದ ಲೆಕ್ಕ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಇನ್ನು ನಿಮ್ಮ ಮಗನ ವಿಷಯ: ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆಯೇ ಇಲ್ಲ. ಅವನ ಸಂಬಳ ಅದಕ್ಕೂ ಮೇಲೆ ಅಂದಾಯಿತು, ಸಂತೋಷ!

ಪ್ರಶ್ನೆ ಮಾತ್ರ ಬಂಗಾರದಂಥದ್ದು. ಆಸ್ತಿಗೂ ತೆರಿಗೆ ಹಾಕಿ ಎಂದು 1956ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಾಸ್ ಕಾಲ್ಡೋರ್ ನಮಗೆ ಹೇಳಿದ್ದರು. ಮರುವರ್ಷ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಸಂಪತ್ತು ತೆರಿಗೆ ತಂದರು. ಸತ್ತವರ ಆಸ್ತಿಯ ಮೇಲಿನ ತೆರಿಗೆ 1953ರಿಂದಲೇ ಇತ್ತು. ಅದು 1985ರಲ್ಲಿ ಹೋಯಿತು. ಸಂಪತ್ತು ತೆರಿಗೆಯನ್ನು 2015ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಕೈಬಿಟ್ಟರು. ವರ್ಷಕ್ಕೆ ಬರುತ್ತಿದ್ದದ್ದು ಸಾವಿರ ಕೋಟಿ ಚಿಲ್ಲರೆ, ವಸೂಲಿಯ ಖರ್ಚು ಜಾಸ್ತಿ ಎಂಬುದು ಕಾರಣ. ಸುಳ್ಳಲ್ಲ. ಆಸ್ತಿಗೆ ಬೆಲೆ ಕಟ್ಟುವುದೂ ಸುಲಭವಲ್ಲ, ಒಪ್ಪೋಣ. ಆದರೆ 1993ರಿಂದಲೇ ಷೇರುಗಳನ್ನು ಅದರಿಂದ ಹೊರಗಿಟ್ಟಿದ್ದರು. ಒಡವೆ, ಕಾರು, ಪಟ್ಟಣದ ಖಾಲಿ ಸೈಟು, ಇಂಥವಷ್ಟೇ ಉಳಿದಿದ್ದವು. ಕರುವಿಗೆ ಪೂರ್ತಿ ಕುಡಿಸಿ, ಹಸು ಹಾಲು ಕೊಡುವುದಿಲ್ಲ ಅಂತ ಸಂತೆಗೆ ಹೊಡೆದ ಹಾಗಾಯಿತು.

ನಿಜ ಹೇಳಬೇಕೆಂದರೆ ಆಸ್ತಿಯ ಮೇಲಿನ ತೆರಿಗೆ ಈ ದೇಶದಲ್ಲಿ ಸತ್ತೇ ಇಲ್ಲ. ನಮ್ಮಪ್ಪ ಹೆಂಚಿನ ಮನೆಯ ಕಂದಾಯದ ರಸೀದಿಗಳನ್ನು ನಡುಮನೆಯ ಮೂಲೆಯಲ್ಲಿ ಒಂದು ತಂತಿಗೆ ಸಿಕ್ಕಿಸಿ ಇಡುತ್ತಿದ್ದರು. ಮಳೆ ಹೋದ ವರ್ಷವೂ ಒಂದು ರಸೀದಿ ಏರುತ್ತಿತ್ತು. ಆ ಮನೆ ಒಂದು ಪೈಸೆ ದುಡಿದದ್ದಿಲ್ಲ. ‘ಆದಾಯ ಬಂದಾಗ ಕಟ್ಟುತ್ತೇನೆ’ ಅಂತ ಅಪ್ಪ ಹೇಳಿದ್ದರೆ ಬಿಲ್ ಕಲೆಕ್ಟರ್ ನಗುತ್ತಿದ್ದ. ಸಾವಿರ ಕೋಟಿಯ ಷೇರು ಇಟ್ಟುಕೊಂಡವರು ಹೇಳುವುದು ಅದನ್ನೇ. ಮಾರಿದಾಗ ನೋಡೋಣ! ಅವರನ್ನು ನೋಡಿ ಯಾರೂ ನಗುವುದಿಲ್ಲ.

ದೇವರಾಜ ಅರಸರ ಭೂಸುಧಾರಣೆಯೂ ನೆನಪಾಗುತ್ತದೆ. ಒಳ್ಳೆಯ ಕೆಲಸವೇ, ಅದರಿಂದ ಹೊಲ ಪಡೆದವರ ಮಕ್ಕಳು ಇಂದು ಈ ಪತ್ರಿಕೆ ಓದುತ್ತಾರೆ. ಆದರೆ ಗದ್ದೆಗೆ ಮಿತಿ ಹಾಕಿದ ಕಾಲದಲ್ಲಿ ಕಾರ್ಖಾನೆಯ ಷೇರಿಗೆ ಅಂಥ ಮಿತಿ ಬರಲಿಲ್ಲ. ಗದ್ದೆಯನ್ನು ಬಚ್ಚಿಡಲಾಗದು ನೋಡಿ. ಇಂದು ಮೇಲಿನ ಶೇ. 1 ಮಂದಿಯ ಕೈಯಲ್ಲಿ ದೇಶದ ಶೇ. 40ರಷ್ಟು ಸಂಪತ್ತಿದೆ ಎಂದು ಫ್ರಾನ್ಸ್‌ನ ಅರ್ಥಶಾಸ್ತ್ರಜ್ಞ ತೋಮಾ ಪಿಕೆಟ್ಟಿ ಮತ್ತು ಸಂಗಡಿಗರು 2024ರಲ್ಲಿ ಲೆಕ್ಕ ಕೊಟ್ಟರು. ನಮ್ಮ ಚಾನೆಲ್‌ಗಳಿಗೆ ಬಜೆಟ್ ಅಂದರೆ ಇವತ್ತಿಗೂ ಯಾವುದು ಅಗ್ಗ, ಯಾವುದು ತುಟ್ಟಿ ಅಷ್ಟೇ. ಕೂಲಿಯವಳ ಸೋಪಿಗೂ ಬಂಗಲೆಯ ಸೋಪಿಗೂ ಒಂದೇ ಜಿಎಸ್‌ಟಿ ಎಂಬುದು ಯಾರಿಗೂ ಸುದ್ದಿಯಲ್ಲ.

ನೀವು ದುಡಿಮೆಯನ್ನು ‘ಬಿಟ್ಟು’ ಎಂದು ಬರೆದಿರಿ. ನಾನು ‘ಜೊತೆಗೆ’ ಎನ್ನುತ್ತೇನೆ. ಅಂದಹಾಗೆ, ಈ ವರ್ಷದ ಮನೆ ಕಂದಾಯ ಕಟ್ಟಿದಿರಾ? ಏಪ್ರಿಲ್ ಮುಗಿಯುವುದರೊಳಗಾದರೆ ಶೇ. 5 ರಿಯಾಯಿತಿ ಉಂಟು.