ಮಂಗೂಸ್ ಕನೆಕ್ಟ್ ಆಗಿದ್ದರೂ ಮಾಡೆಲ್ ಪ್ಯಾಕೇಜ್‌ನಲ್ಲಿ ಕ್ವೆರಿ ಯಾಕೆ ಟೈಮ್‌ಔಟ್ ಆಗುತ್ತದೆ?
ಮುಖ್ಯ ಆ್ಯಪ್‌ನಲ್ಲಿ ಮಂಗೂಸ್ (ನೋಡ್‌ನಿಂದ ಮಾಂಗೋಡಿಬಿ ಡೇಟಾಬೇಸ್ ಬಳಸಲು ಇರುವ ಲೈಬ್ರರಿ) ಕನೆಕ್ಟ್ ಆಗಿದೆ, ಮಾಡೆಲ್‌ಗಳಿರುವ ಪ್ಯಾಕೇಜ್‌ನಿಂದ ಕ್ವೆರಿ ಮಾಡಿದರೆ ಮಾತ್ರ ‘ಬಫರಿಂಗ್ ಟೈಮ್ಡ್ ಔಟ್ ಆಫ್ಟರ್ 10000 ಎಂಎಸ್’ ಎಂದು ಬರುತ್ತಿದೆ ಎಂದಿದ್ದೀರಿ. ನಿಮ್ಮ ಸರ್ವರ್‌ನಲ್ಲಿ ಮಂಗೂಸ್ ಎರಡು ಕಡೆಯಿಂದ ಲೋಡ್ ಆಗುತ್ತಿದೆ ಎಂಬುದೇ ನನ್ನ ಮೊದಲ ಅನುಮಾನ.

ನೋಡ್‌ನಲ್ಲಿ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್) ಒಂದು ಮಾಡ್ಯೂಲನ್ನು ರಿಕ್ವೈರ್ ಮಾಡಿದಾಗ ಹುಡುಕಾಟ ಶುರುವಾಗುವುದು ಆ ಫೈಲ್ ಇರುವ ಫೋಲ್ಡರ್‌ನಿಂದ. ಅಲ್ಲಿನ ನೋಡ್ ಮಾಡ್ಯೂಲ್ಸ್‌ನಲ್ಲಿ ಸಿಗದಿದ್ದರೆ ಅದರ ಮೇಲಿನ ಫೋಲ್ಡರ್, ಹೀಗೆ ರೂಟ್‌ವರೆಗೂ. ಸಿಕ್ಕ ಫೈಲಿನ ಕೋಡ್ ಒಮ್ಮೆ ಮಾತ್ರ ಓಡಿ, ಅದರ ಎಕ್ಸ್‌ಪೋರ್ಟ್ಸ್ ಕ್ಯಾಶ್‌ಗೆ ಸೇರುತ್ತದೆ. ಈ ಕ್ಯಾಶ್‌ನ ಕೀ ಆ ಫೈಲಿನ ಪೂರ್ತಿ ಪಾತ್. ಆದ್ದರಿಂದ ಎರಡು ಜಾಗದಲ್ಲಿರುವ ಮಂಗೂಸ್, ವರ್ಷನ್ ಒಂದೇ ಆದರೂ, ನೋಡ್ ಪಾಲಿಗೆ ಎರಡು ಬೇರೆ ಮಾಡ್ಯೂಲ್. ಒಂದರಲ್ಲಿ ತೆರೆದ ಕನೆಕ್ಷನ್ ಇನ್ನೊಂದಕ್ಕೆ ಗೊತ್ತೇ ಇರುವುದಿಲ್ಲ. ಅದು ಕ್ವೆರಿಯನ್ನು ಹಿಡಿದುಕೊಂಡು 10 ಸೆಕೆಂಡ್ ಕಾದು ಎರರ್ ಕೊಡುತ್ತದೆ. ‘ಇನ್‌ಸ್ಟೆನ್ಸ್‌ಆಫ್’ ಪರೀಕ್ಷೆ ಸುಮ್ಮಸುಮ್ಮನೆ ಫಾಲ್ಸ್ ಆಗುವುದಕ್ಕೂ ಎಷ್ಟೋ ಸಲ ಇದೇ ಕಾರಣ.

ಎರಡು ಕಡೆಯೂ ‘ರಿಕ್ವೈರ್ ಡಾಟ್ ರಿಸಾಲ್ವ್’ ಕರೆದು ಮಂಗೂಸ್‌ನ ಪಾತ್ ಪ್ರಿಂಟ್ ಮಾಡಿ ನೋಡಿ. ಪಾತ್ ಬೇರೆ ಬೇರೆ ಬಂದರೆ ಅನುಮಾನ ನಿಜ. ಆಮೇಲೆ ‘ಎನ್‌ಪಿಎಂ ಎಲ್‌ಎಸ್ ಮಂಗೂಸ್’ ಕೊಡಿ (ಎನ್‌ಪಿಎಂ ಎಂದರೆ ನೋಡ್‌ನ ಪ್ಯಾಕೇಜ್ ಮ್ಯಾನೇಜರ್), ಯಾರು ಯಾವ ವರ್ಷನ್ ಎಳೆತಂದಿದ್ದಾರೆ ಎಂದು ತಿಳಿಯುತ್ತದೆ. ಆ್ಯಪ್ ^7.0.0 ಕೇಳಿ, ಪ್ಯಾಕೇಜ್ ^6.2.0 ಕೇಳಿದರೆ ಎರಡಕ್ಕೂ ಹೊಂದುವ ವರ್ಷನ್ ಇಲ್ಲ (^ ಇದ್ದರೆ ಇಲ್ಲಿ ಅದೇ ಮೇಜರ್ ವರ್ಷನ್‌ನೊಳಗೆ ಮಾತ್ರ ಹುಡುಕುತ್ತದೆ). ಎನ್‌ಪಿಎಂ ಎರಡನೆಯದನ್ನು ಪ್ಯಾಕೇಜ್‌ನ ಒಳಗೇ ಇಡುತ್ತದೆ. ಇಲ್ಲಿ ನಕಲು ಪ್ರತಿಗಳನ್ನು ಒಂದಾಗಿಸುವ ‘ಎನ್‌ಪಿಎಂ ಡಿಡ್ಯೂಪ್’ ಕೂಡ ಏನೂ ಮಾಡಲಾರದು.

ಸರಿಯಾದ ದಾರಿ: ಪ್ಯಾಕೇಜ್‌ನಲ್ಲಿ ಮಂಗೂಸನ್ನು ಡಿಪೆಂಡೆನ್ಸೀಸ್‌ನಿಂದ ತೆಗೆದು ಪಿಯರ್ ಡಿಪೆಂಡೆನ್ಸೀಸ್‌ಗೆ (ಬಳಸುವ ಆ್ಯಪ್ ಒದಗಿಸಬೇಕಾದವುಗಳ ಪಟ್ಟಿ) ಹಾಕಿ, ಆ್ಯಪ್‌ನ ವರ್ಷನ್‌ಗೆ ಹೊಂದುವ ರೇಂಜ್ ಕೊಡಿ. ಪ್ಯಾಕೇಜ್‌ನ ಟೆಸ್ಟ್ ಓಡಿಸಲು ಡೆವ್ ಡಿಪೆಂಡೆನ್ಸೀಸ್‌ನಲ್ಲೂ ಇರಲಿ. ಎನ್‌ಪಿಎಂ 7ರಿಂದೀಚೆಗೆ ಪಿಯರ್‌ಗಳು ತಾವಾಗಿಯೇ ಇನ್‌ಸ್ಟಾಲ್ ಆಗುತ್ತವೆ. ವರ್ಷನ್ ಹೊಂದದೆ ‘ಇ-ರಿಸಾಲ್ವ್’ ಎರರ್ ಬಂದರೆ ‘ಲೆಗಸಿ ಪಿಯರ್ ಡೆಪ್ಸ್’ ಹಾಕಿ ಅದರ ಬಾಯಿ ಮುಚ್ಚಿಸಬೇಡಿ, ದಯವಿಟ್ಟು. ನಿಮಗೆ ಬೇಕಾದ ಎಚ್ಚರಿಕೆಯೇ ಅದು.

ಪ್ಯಾಕೇಜನ್ನು ‘ಎನ್‌ಪಿಎಂ ಲಿಂಕ್’ ಮಾಡಿದ್ದರೆ (ಅಂದರೆ ಅದರ ಫೋಲ್ಡರನ್ನು ಸಿಮ್‌ಲಿಂಕ್ ಮೂಲಕ ಆ್ಯಪ್‌ಗೆ ಜೋಡಿಸಿದ್ದರೆ) ಇಷ್ಟೆಲ್ಲ ಆದ ಮೇಲೂ ತೊಂದರೆ ಉಳಿಯಬಹುದು. ನೋಡ್ ಸಿಮ್‌ಲಿಂಕ್‌ನ ಅಸಲಿ ಜಾಗಕ್ಕೆ ಹೋಗಿ ಅಲ್ಲಿಂದ ಹುಡುಕುವುದರಿಂದ, ಪ್ಯಾಕೇಜ್‌ನ ಡೆವ್ ಪ್ರತಿಯೇ ಸಿಗುತ್ತದೆ. ‘ಎನ್‌ಪಿಎಂ ಪ್ಯಾಕ್’ ಮಾಡಿ, ಬಂದ ಟಿಜಿಝಡ್ ಫೈಲನ್ನು ಆ್ಯಪ್‌ನಲ್ಲಿ ಇನ್‌ಸ್ಟಾಲ್ ಮಾಡಿ ಪರೀಕ್ಷಿಸಿ. ಡೆವ್ ಡಿಪೆಂಡೆನ್ಸಿಗಳು ಜೊತೆಗೆ ಬರುವುದಿಲ್ಲ.

ಕ್ಲಸ್ಟರ್ (ಒಂದೇ ಆ್ಯಪನ್ನು ಹಲವು ವರ್ಕರ್ ಪ್ರೋಸೆಸ್‌ಗಳಲ್ಲಿ ಓಡಿಸುವುದು) ಬಳಸುತ್ತಿದ್ದರೆ ಇನ್ನೊಂದು ಮಾತು: ಕ್ಯಾಶ್ ಆಯಾ ಪ್ರೋಸೆಸ್‌ಗೆ ಸೀಮಿತ. ಪ್ರತಿ ವರ್ಕರ್ ತನ್ನದೇ ಕನೆಕ್ಷನ್ ಪೂಲ್ ತೆರೆಯುತ್ತದೆ. ಮಂಗೂಸ್ 6ರಿಂದ ಪೂಲ್‌ನ ಡಿಫಾಲ್ಟ್ ಮಿತಿ 100, ಅಂದರೆ 4 ವರ್ಕರ್‌ಗೆ 400 ಕನೆಕ್ಷನ್‌ವರೆಗೆ ಹೋಗಬಹುದು.